ಮೇಜಿನ ಮೇಲಿನ ಕಳಸೆ

ಜನವರಿ 10, ಶುಕ್ರವಾರ

ಊಟದ ಕೋಣೆಯ ಖರ್ಚು ಇವತ್ತಿಗೆ ಮುಗಿಯಿತು. ಇನ್ನು ಒಂದು ಪೈಸೆ ಹಾಕುವುದಿಲ್ಲ.

ಪುತ್ತೂರಿನ ಡಾಕ್ಟರೊಬ್ಬರ ಹಳೇ ಬಂಗಲೆ ಕೆಡವಿದಾಗ ಬಂದ ಬೀಟೆ ಮರದ ಮೇಜು, ನಲವತ್ತೆರಡು ಸಾವಿರ. ಹಲಸಿನ ಮರದ ಬೆಂಚು ಎರಡು, ಒಂಬತ್ತು ಸಾವಿರ. ಕಂಚಿನ ಬಟ್ಟಲು ಹನ್ನೆರಡು, ತೂಕದ ಲೆಕ್ಕದಲ್ಲಿ ಹದಿನೆಂಟು ಸಾವಿರ. ಪಿಂಗಾಣಿ ಭರಣಿ ಮೂರು, ನಾಲ್ಕೂವರೆ ಸಾವಿರ. ಅದರಲ್ಲಿ ಒಂದಕ್ಕೆ ಮುಚ್ಚಳ ಬೇರೆ ಯಾವುದರದ್ದೋ. ಹಿತ್ತಾಳೆ ಗಿಂಡಿ, ತೂಗುದೀಪ, ಕೀಲಿ ಕೊಟ್ಟರೂ ನಡೆಯದ ಗೋಡೆ ಗಡಿಯಾರ, ಎಲ್ಲ ಸೇರಿ ಹನ್ನೊಂದು. ಕಡೆಗೆ ಒಂದು ಕಳಸೆ, ಆರೂವರೆ. ಒಟ್ಟು ತೊಂಬತ್ತೊಂದು ಸಾವಿರ. ಹುಣಸೆಹುಳಿ, ಬೂದಿ ಹಾಕಿ ತಿಕ್ಕಿದ ನನ್ನ ಕೈಯ ಕೂಲಿ ಇದರಲ್ಲಿ ಸೇರಿಲ್ಲ. ಈ ಡೈರಿ ಮಾತ್ರ ಸೊಸೈಟಿಯವರು ಪುಕ್ಕಟೆ ಕೊಟ್ಟದ್ದು.

ಇಷ್ಟೆಲ್ಲ ಯಾಕೆಂದರೆ, ಹತ್ತೊಂಬತ್ತನೇ ತಾರೀಕು ಆದಿತ್ಯವಾರ ಮಂಡೆಕೋಲಿನಿಂದ ಹುಡುಗಿಯ ಕಡೆಯವರು ಮನೆ ನೋಡಲು ಬರುತ್ತಾರೆ. ಹುಡುಗ ಹುಡುಗಿ ಒಪ್ಪಿದರೆ ನಮ್ಮಲ್ಲಿ ಅರ್ಧ ಕೆಲಸ. ಹುಡುಗಿಯ ಮನೆಯ ಹಿರಿಯರು ಹುಡುಗನ ಮನೆಗೆ ಬಂದು, ಉಂಡು, ಕೈ ತೊಳೆದರೆ ಉಳಿದರ್ಧ. ಉಣ್ಣದೆ ಎದ್ದರೆ ಸಂಬಂಧ ಬೇಡವೆಂದೇ ಅರ್ಥ, ಬಾಯಿಬಿಟ್ಟು ಹೇಳಬೇಕೆಂದಿಲ್ಲ. ಮಗ ಸುಜಯ್‌ಗೆ ಮೂವತ್ತೊಂದಾಯಿತು. ಹಿಂದಿನ ನಾಲ್ಕು ಸಂಬಂಧಗಳಿಗೆ ತಲೆಯನ್ನೂ ಎತ್ತದ ಹುಡುಗ ಈ ಭವಿತಾಳ ಫೋನು ಬಂದರೆ ಹೋಟೆಲಿನ ಗಲ್ಲೆ ಬಿಟ್ಟು ಹೊರಗೆ ಓಡುತ್ತಾನೆ. ಚಿಲ್ಲರೆ ಕಾದು ನಿಂತ ಗಿರಾಕಿಗಳು ನನ್ನ ಮುಖ ನೋಡುತ್ತಾರೆ.

ನಮ್ಮದು ಸುಳ್ಯ ಪೇಟೆಯಲ್ಲಿ ಊಟದ ಹೋಟೆಲು. ಮನೆ ಕಟ್ಟಿ ನಾಲ್ಕು ವರ್ಷ. ಎಲ್ಲವೂ ಹೊಸತು, ಎಲ್ಲವೂ ಹೊಳೆಯುತ್ತದೆ. ಒಳಗೆ ಬಂದವರಿಗೆ ಹಳತೆಂದು ಮುಟ್ಟಲು ಸಿಗುವುದು ನಾನು ಮತ್ತು ನನ್ನ ಗಂಡ ಮಾತ್ರ. ಹೊಸ ಮನೆಯನ್ನು ನೋಡಿ ಹೊಸ ದುಡ್ಡು ಎಂದು ಓದಿಕೊಳ್ಳುವವರು ಉಂಟು. ನಾನು ಐವರ್ನಾಡಿನಲ್ಲಿ ಧಣಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಒಕ್ಕಲಿನ ಮಗಳು. ಇದನ್ನು ಇಲ್ಲಿ ಬರೆಯುತ್ತೇನೆ, ಹೊರಗೆ ಹೇಳುವುದಿಲ್ಲ.

ಸಾಮಾನೆಲ್ಲ ಪುತ್ತೂರಿನ ಹಕೀಮರ ಅಂಗಡಿಯದ್ದು. ಹಳೇ ಮನೆ ಕೆಡವುವವರಿಂದ ಅವರು ಕೊಳ್ಳುತ್ತಾರೆ, ಹೊಸ ಮನೆ ಕಟ್ಟಿದವರಿಗೆ ಮಾರುತ್ತಾರೆ. ಇವತ್ತು ಅಗಲ ಬಾಯಿಯ ಹಿತ್ತಾಳೆ ಪಾತ್ರೆಯೊಂದನ್ನು ನನ್ನ ಮುಂದಿಟ್ಟರು.

"ಅಕ್ಕಾ, ಮೇಜಿನ ನಡುವಿಗೆ ಇದು. ಹೂವು ಹಾಕಿದ್ರೆ ನೋಡ್ಬೇಕು."

"ಸಾಹೇಬ್ರೆ, ಇದು ಪೀಕದಾನಿ. ಎಲೆಯಡಿಕೆ ತಿಂದು ಉಗುಳ್ತಿದ್ದದ್ದು."

"ಮೊನ್ನೆ ಇಂಥದ್ದೇ ಒಂದನ್ನು ಒಬ್ರು ಪಾಯಸ ಬಡಿಸ್ಲಿಕ್ಕೆ ತಗೊಂಡು ಹೋದ್ರು."

"ಅವರ ಮನೆಯ ಊಟಕ್ಕೆ ನನ್ನನ್ನು ಕರೀಬೇಡಿ ಅಂತ ಹೇಳಿ."

ಅದರ ಬದಲಿಗೆ ಕಳಸೆ ತಂದೆ. ಅಕ್ಕಿ ಅಳೆಯುವ ಮರದ ಅಳತೆ, ಹದಿನಾಲ್ಕು ಸೇರಿನದ್ದು. ಮೂರು ಕಳಸೆ ಅಕ್ಕಿಗೆ, ಬೈಹುಲ್ಲು ಸುತ್ತಿ ಕಟ್ಟುವ ಒಂದು ಮುಡಿ. ಕಪ್ಪಗೆ ಮಿರುಗುವ ಮರ, ಸುತ್ತ ಹಿತ್ತಾಳೆಯ ಪಟ್ಟಿ. ಉಗುಳುವ ಪಾತ್ರೆಯಲ್ಲಿ ಹೂವಿಡುವ ಹೆಂಗಸು ನಾನಲ್ಲ.

ಜನವರಿ 18, ಶನಿವಾರ

ಮೇಜು ಸಿದ್ಧ. ನಡುವೆ ಕಳಸೆ. ಒಳಗೆ ಸ್ಟೀಲಿನ ಡಬ್ಬಿ ಕೂರಿಸಿ, ನೀರು ಹಾಕಿ, ಅಡಿಕೆಯ ಹಿಂಗಾರ ಇಟ್ಟಿದ್ದೇನೆ. ಕಂಚಿನ ಬಟ್ಟಲುಗಳ ಅಂಚು ಬೆಳಗಿನ ಬಿಸಿಲಿಗೆ ಬೆಣ್ಣೆಯ ಹಾಗೆ ಕಾಣುತ್ತದೆ. ಭರಣಿಗಳಲ್ಲಿ ಮಾವಿನ ಮಿಡಿ, ಅಂಬಟೆ, ಕರಂಡೆ ಉಪ್ಪಿನಕಾಯಿ. ಮುಚ್ಚಳ ಹೊಂದದ ಭರಣಿಯನ್ನು ಗೋಡೆಯ ಕಡೆಗೆ ಇಟ್ಟೆ. ಮೇಜಿಗೆ ಬಟ್ಟೆ ಹಾಕಲಿಲ್ಲ. ನಲವತ್ತೆರಡು ಸಾವಿರದ ಮರವನ್ನು ನಾನೂರು ರೂಪಾಯಿಯ ಬಟ್ಟೆಯಲ್ಲಿ ಮುಚ್ಚುವುದು ಯಾವ ಲೆಕ್ಕ.

ಇವರು, ಎಂದರೆ ವೆಂಕಪ್ಪ (ಗಂಡನ ಹೆಸರು ಬರೆದರೆ ಬೈಯುವ ಅತ್ತೆ ಈಗಿಲ್ಲ), ಬೆಂಚಿನ ಮೇಲೆ ಕುಳಿತು ಸುತ್ತ ನೋಡಿದರು.

"ನಾಳೆ ನನ್ನನ್ನೂ ಹುಣಸೆಹುಳಿಯಲ್ಲಿ ತಿಕ್ಕಿಯೇ ಕೂರಿಸ್ತೀಯಾ?"

"ನೀವು ಬಾಯಿ ಮುಚ್ಚಿ ಕೂತ್ರೆ ಸಾಕು. ಯಾರಾದ್ರೂ ಕೇಳಿದ್ರೆ ಇದೆಲ್ಲ ಅಜ್ಜನ ಕಾಲದ್ದು."

"ಯಾರ ಅಜ್ಜ?"

"ಅದನ್ನು ಕೇಳುವಷ್ಟು ಮರ್ಯಾದೆ ಇಲ್ಲದವರು ಬರುದಿಲ್ಲ."

ಜನವರಿ 19, ಆದಿತ್ಯವಾರ

ಬಂದರು. ಭವಿತಾಳ ಅಪ್ಪ ಹರಿಪ್ರಸಾದ್, ಇಬ್ಬರು ಹೆಂಗಸರು, ಮತ್ತು ಅಜ್ಜ ಚೆನ್ನಪ್ಪನವರು. ಅಜ್ಜನಿಗೆ ಎಂಬತ್ತರ ಹತ್ತಿರ. ಬೆನ್ನು ನೆಟ್ಟಗೆ, ಮಾತು ಕಡಿಮೆ. ಗಿಂಡಿಯಲ್ಲಿ ನೀರು, ಬೆಲ್ಲ ಕೊಟ್ಟೆ. ಕುಡಿದರು. ತೂಗುದೀಪ ನೋಡಿ ತಲೆಯಾಡಿಸಿದರು. ಹೆಂಗಸರು ಕಂಚಿನ ಬಟ್ಟಲನ್ನು ಉಗುರಿನಲ್ಲಿ ತಟ್ಟಿ ನಾದ ಕೇಳಿ, ಈಗಿನದ್ದರಲ್ಲಿ ಈ ನಾದ ಎಲ್ಲುಂಟು ಎಂದರು. ಒಳಗೆ ಕೋಳಿ ಪದಾರ್ಥ ಕುದಿಯುತ್ತಿತ್ತು, ನೀರುದೋಸೆ ಹೆಂಚಿನಿಂದ ಏಳುತ್ತಿತ್ತು. ನಾನು ಮನಸ್ಸಿನಲ್ಲೇ ಮದುವೆಯ ಮಂಟಪಕ್ಕೆ ಮುಂಗಡ ಕೊಟ್ಟಾಗಿತ್ತು.

ಅಜ್ಜ ಮೇಜಿನ ಹತ್ತಿರ ಬಂದರು. ಕಳಸೆ ನೋಡಿ ನಿಂತರು. ಹಿಂಗಾರವನ್ನು ಡಬ್ಬಿಯ ಸಮೇತ ಎತ್ತಿ ಪಕ್ಕಕ್ಕಿಟ್ಟರು. ಬಾಯಿಯ ಪಟ್ಟಿಯ ಮೇಲೆ ಹೆಬ್ಬೆರಳನ್ನು ಒಂದು ಸುತ್ತು ಎಳೆದರು. ಆ ಪಟ್ಟಿ ಮರಕ್ಕಿಂತ ಒಂದು ಬೆರಳು ಮೇಲೆ ನಿಂತಿರುವುದನ್ನು ನಾನು ಆಗ ಮೊದಲ ಸಲ ಗಮನಿಸಿದ್ದು.

"ಇದು ಯಾರದ್ದಮ್ಮ?"

"ನಮ್ಮ ಅಜ್ಜನದ್ದು. ಮನೆಯಲ್ಲೇ ಇದ್ದದ್ದು."

"ನಿಮ್ಮ ಅಜ್ಜ ಇದರಲ್ಲಿ ಅಳೆದು ಕೊಡ್ತಿದ್ರಾ, ಅಳೆದು ತಗೊಳ್ತಿದ್ರಾ?"

ಕೊಡುವವರು ಎಂದರೆ ಒಕ್ಕಲು, ತೆಗೆದುಕೊಳ್ಳುವವರು ಎಂದರೆ ಧಣಿ. ನಾನು ಯೋಚಿಸಲಿಕ್ಕೂ ನಿಲ್ಲಲಿಲ್ಲ.

"ತಗೊಳ್ತಿದ್ರು," ಎಂದೆ.

ಅಜ್ಜ ಮಗನ ಕಡೆ ತಿರುಗಿದರು. "ಹರೀ, ಗಾಡಿ ತೆಗಿ."

ಹೆಂಗಸರು ಕೈಯಲ್ಲಿದ್ದ ಬಟ್ಟಲು ಇಟ್ಟರು. ಹರಿಪ್ರಸಾದ್ ನನ್ನ ಮುಖ ನೋಡಿದರು, ಅಪ್ಪನ ಮುಖ ನೋಡಿದರು, ಗಾಡಿ ತೆಗೆದರು. ಎಲೆಗೆ ಒಂದು ತುತ್ತು ಬೀಳಲಿಲ್ಲ.

ಅವರು ಹೋದ ದಾರಿಯನ್ನೇ ನೋಡುತ್ತ ಸುಜಯ್ ನಿಂತಿದ್ದ. ಆಮೇಲೆ ಒಳಗೆ ಬಂದು ಕೇಳಿದ, "ಅಮ್ಮಾ, ನೀನು ಅವರಿಗೆ ಎಂತ ಹೇಳಿದ್ದು?"

ನಾನು ಒಳಗೆ ಹೋಗಿ ಹೆಂಚನ್ನು ಒಲೆಯಿಂದ ಇಳಿಸಿದೆ.

ಜನವರಿ 20, ಸೋಮವಾರ

ಕಾರಣ ಗೊತ್ತಾಯಿತು. ಅನ್ನ ಅಳೆಯುವುದಕ್ಕೆ ಹೂವು ಹಾಕಿ ಮೇಜಿನ ಮೇಲೆ ಮೆರೆಸಿದ್ದು. ಹಳೇ ಕಾಲದವರಿಗೆ ಅದು ನೋವಾಗಿರಬೇಕು. ಪೀಕದಾನಿಯ ವಿಷಯದಲ್ಲಿ ಅಷ್ಟು ಜಾಣೆಯಾದವಳು ಇದರಲ್ಲಿ ಎಡವಿದೆ.

ಸರಿಪಡಿಸುವುದು ಕಷ್ಟವೇನಲ್ಲ. ಕಳಸೆಯನ್ನು ದೇವರ ಕೋಣೆಯ ಮುಂದೆ ಇಟ್ಟು, ಬಾಯಿಯವರೆಗೂ ಹೊಸ ಅಕ್ಕಿ ತುಂಬಿಸಿ, ದೀಪ ಹಚ್ಚಿ, ಸುಜಯ್‌ನ ಫೋನಿನಲ್ಲಿ ಫೋಟೋ ತೆಗೆಸಿ ಭವಿತಾಳಿಗೆ ಕಳಿಸಿದೆ. ಅಜ್ಜನಿಗೆ ತೋರಿಸು ಎಂದು ಕೆಳಗೆ ಬರೆಸಿದೆ. ನಾಳೆ ಫೋನು ಬರುತ್ತದೆ.

ಜನವರಿ 21, ಮಂಗಳವಾರ

ಫೋನು ಬರಲಿಲ್ಲ. ಸಾಂಬಾರಿಗೆ ಉಪ್ಪು ಹೆಚ್ಚೆಂದು ಒಬ್ಬ ಗಿರಾಕಿ ಹೇಳಿದ. ಸರಿಯೇ ಇತ್ತು.

ಜನವರಿ 22, ಬುಧವಾರ

ಸಂಜೆ ಚಾ ಹೊತ್ತಿಗೆ ಭವಿತಾ ಹೋಟೆಲಿಗೆ ಬಂದಳು. ಪೇಟೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಸುಜಯ್‌ನನ್ನು ನೋಡಲು ಬಂದಳೆಂದು ಎದ್ದೆ. ಅವಳು ನನ್ನೆದುರಿಗೇ ಕುಳಿತಳು.

"ಅತ್ತೆ ಅಂತ ಕರೀಬಹುದಾ ಅಂತ ಗೊತ್ತಿಲ್ಲ, ಅದಕ್ಕೆ ಎಂತದ್ದೂ ಕರೆಯುದಿಲ್ಲ. ಆ ಫೋಟೋ ಯಾಕೆ ಕಳಿಸಿದ್ದು ನೀವು?"

"ಹೂವು ತೆಗ್ದೆ ಅಂತ ಅಜ್ಜನಿಗೆ ಗೊತ್ತಾಗ್ಲಿ ಅಂತ."

"ಹೂವಾ? ಅಕ್ಕಿ ತುಂಬಿದ್ದು ನೋಡಿ ಅಜ್ಜ ನಿನ್ನೆಯಿಂದ ಮಾತೇ ಆಡ್ತಿಲ್ಲ."

ಅವಳೇ ಹೇಳಿದಳು. ಅಜ್ಜನ ಅಪ್ಪ ಐತಪ್ಪನವರು ಕಾಣಿಯೂರಿನ ಆಚೆ ಒಂದು ದೊಡ್ಡ ಮನೆಯ ಒಕ್ಕಲು. ವರ್ಷಕ್ಕೆ ಇಪ್ಪತ್ತು ಮುಡಿ ಅಕ್ಕಿ ಗೇಣಿ. ಮನೆಯಲ್ಲಿ ಸರಿಯಾಗಿ ಅಳೆದು ಮುಡಿ ಕಟ್ಟುತ್ತಿದ್ದರು. ಧಣಿಯ ಅಂಗಳದಲ್ಲಿ ಬಿಚ್ಚಿ ಅಳೆದರೆ ಹತ್ತಿರ ಹತ್ತಿರ ಒಂದೂವರೆ ಮುಡಿ ಕಡಿಮೆ. ಪ್ರತಿ ವರ್ಷ ಅಷ್ಟೇ. ಕಡೆಗೆ ಐತಪ್ಪ ಅಕ್ಕಿ ಕದಿಯುವವನು ಎಂದು ಊರೆಲ್ಲ ಆಯಿತು, ಗದ್ದೆ ಬಿಡಿಸಿದರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಂಡೆಕೋಲಿಗೆ ಬಂದರು. ಅಳತೆಯಲ್ಲೇ ಮೋಸ ಉಂಟು, ಬಾಯಿಗೆ ಪಟ್ಟಿ ಎತ್ತರಿಸಿದ್ದಾರೆ ಎಂದು ಸಾಯುವವರೆಗೆ ಹೇಳಿದರಂತೆ. ನಂಬಿದವರಿಲ್ಲ. ಈಗಲೂ ಕಾಣಿಯೂರಿನ ಕಡೆ ಮದುವೆ ಊಟಕ್ಕೆ ಹೋದರೆ, ಬಡಿಸುವವನು ಅಕ್ಕಿ ಮುಚ್ಚಿಡಿ ಮಾರಾಯ್ರೆ ಎಂದು ತಮಾಷೆ ಮಾಡುವುದುಂಟಂತೆ.

"ಅಜ್ಜ ಆಗ ಸಣ್ಣ ಹುಡುಗ. ಧಣಿಯ ಅಂಗಳದಲ್ಲಿ ಆ ಕಳಸೆ ಮುಟ್ಟಿ ನೋಡಿದ್ದಾರೆ. ಅದೇ ಪಟ್ಟಿಯಂತೆ. ಅದೇ ಮನೆಯವರು ನೀವು ಅಂತ ಅಜ್ಜನ ಲೆಕ್ಕ."

"ನಾವಲ್ಲ."

"ಮತ್ತೆ ನಿಮ್ಮ ಅಜ್ಜ ತಗೊಳ್ತಿದ್ರು ಅಂದ್ರಂತಲ್ಲ ನೀವೇ."

ಚಾ ತಣ್ಣಗಾಗಿತ್ತು. ಬೇರೆ ಮಾಡಿ ಕೊಟ್ಟೆ. ದುಡ್ಡು ಕೊಡಲು ಬಂದಳು, ತೆಗೆದುಕೊಳ್ಳಲಿಲ್ಲ.

ಜನವರಿ 23, ಗುರುವಾರ

ಬೆಳಿಗ್ಗೆಯ ಬಸ್ಸಿಗೆ ಪುತ್ತೂರಿಗೆ. ನನ್ನ ಉಪಾಯ ಹೀಗಿತ್ತು: ಹಕೀಮರನ್ನು ಮಂಡೆಕೋಲಿಗೆ ಕರೆದುಕೊಂಡು ಹೋಗುವುದು. ಕಳಸೆ ಮೊದಲು ನಮ್ಮ ಮನೆಯಲ್ಲೇ ಇದ್ದು, ಬಳಿಕ ಪಟ್ಟಿ ಎತ್ತರಿಸಿದವರ ಕೈಗೆ ಹೋಗಿ, ಇವರ ಅಂಗಡಿಯಿಂದ ತಿರುಗಿ ಬಂತೆಂದು ಹೇಳಿಸುವುದು. ಮರ್ಯಾದೆಯೂ ಉಳಿಯುತ್ತದೆ, ಸಂಬಂಧವೂ ಉಳಿಯುತ್ತದೆ.

ಹಕೀಮರು ಪೂರ್ತಿ ಕೇಳಿದರು. "ಅಕ್ಕಾ, ಇದು ಕಾಣಿಯೂರಿನ ಆಚೆಯ ಮನೆ ಕೆಡವಿದಾಗ್ಲೇ ಬಂದದ್ದು. ಅಷ್ಟು ಬೇಕಾದ್ರೆ ಯಾರ ಮುಂದೆಯೂ ಹೇಳ್ತೇನೆ. ನಿಮ್ಮ ಅಜ್ಜನನ್ನು ನಡುವೆ ತೂರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಇಷ್ಟು ವ್ಯಾಪಾರ ಮಾಡಿದ್ದೇನೆ ನಿಮ್ಮ ಹತ್ರ."

"ಅಕ್ಕಾ, ನನ್ನ ಅರ್ಧ ಗಿರಾಕಿಗಳು ಇಲ್ಲಿಂದ ಅಜ್ಜಂದಿರನ್ನೇ ಕೊಂಡು ಹೋಗುದು. ನಾನು ಯಾರಿಗೂ ಹೇಳುದಿಲ್ಲ. ಆದ್ರೆ ಅಜ್ಜನಿಗೆ ಗ್ಯಾರಂಟಿ ಕೊಡುದಿಲ್ಲ."

ನಗು ಬಂತು. ಸಿಟ್ಟಿನಲ್ಲಿ ಇದ್ದರೂ ಬಂತು. ಬರುವಾಗ ಕಪಾಟಿನ ಮೂಲೆಯಲ್ಲಿ ಸರಕಾರದ ಮುದ್ರೆ ಒತ್ತಿದ ಒಂದು ಕಬ್ಬಿಣದ ಸೇರು ಕಂಡಿತು. ಕೊಂಡೆ. ಇನ್ನೂರೈವತ್ತು ರೂಪಾಯಿ. ಒಂದು ಪೈಸೆ ಹಾಕುವುದಿಲ್ಲವೆಂದು ಬರೆದದ್ದು ನೆನಪುಂಟು, ಆದರೆ ಇದು ಅಲಂಕಾರಕ್ಕಲ್ಲ.

ಜನವರಿ 26, ಆದಿತ್ಯವಾರ

ಮಂಡೆಕೋಲಿಗೆ ಹೋದೆವು. ಇವರು ಗಾಡಿ ಬಿಟ್ಟರು. ಹಿಂದಿನ ಸೀಟಿನಲ್ಲಿ ಸುಜಯ್, ಅವನ ತೊಡೆಯ ಮೇಲೆ ಕಳಸೆ. 

ಅಜ್ಜ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಕಳಸೆ ಕಂಡದ್ದೇ ಕತ್ತಿ ಕೆಳಗಿಟ್ಟರು.

"ಅದನ್ನು ಇಲ್ಲಿಗೆ ಯಾಕೆ ತಂದದ್ದು? ಒಡೆದು ಒಲೆಗೆ ಹಾಕಿ."

"ಹಾಕುವ ಮೊದಲು ಒಂದು ಮಾತು ಅಜ್ಜ. ಇದು ನಮ್ಮದಲ್ಲ. ಪುತ್ತೂರಿನ ಅಂಗಡಿಯಲ್ಲಿ ಆರೂವರೆ ಸಾವಿರಕ್ಕೆ ಕೊಂಡದ್ದು. ಅವತ್ತು ಹೇಳಿದ್ದು ದೊಡ್ಡಸ್ತಿಕೆಗೆ. ನಮ್ಮಪ್ಪ ಐವರ್ನಾಡಿನಲ್ಲಿ ಒಕ್ಕಲು."

"ಇವತ್ತು ಹೀಗೆ ಹೇಳಿದ್ರೆ ಹುಡುಗಿ ಸಿಗ್ತದೆ ಅಂತ ಹೀಗೆ. ಅವತ್ತು ಹಾಗೆ."

ಸರಿಯಾದ ಮಾತು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ.

"ಒಕ್ಕಲಿನ ಮಗಳಾದ್ರೆ ಹೇಳು," ಎಂದರು. ನೀವು ಹೋಗಿ ನೀನು ಬಂದಿತ್ತು. "ಧಣಿಯ ಅಂಗಳದಲ್ಲಿ ಅಳೆಯುವಾಗ ಚಾಪೆಗೆ ಚೆಲ್ಲಿದ ಅಕ್ಕಿ ಯಾರದ್ದು?"

"ಧಣಿಯದ್ದು."

"ಚಾಪೆಯಿಂದ ಆಚೆ ಹಾರಿದ್ದು?"

"ಧಣಿಯ ಕೋಳಿಯದ್ದು. ನನ್ನ ಅವ್ವ ಒಮ್ಮೆ ಅದರಿಂದ ಒಂದು ಹಿಡಿ ಹೆಕ್ಕಿ ಸೆರಗಿಗೆ ಕಟ್ಟಿಕೊಂಡಿದ್ಲಂತೆ. ಎಲ್ಲರ ಎದುರು ಸೆರಗು ಬಿಚ್ಚಿಸಿದ್ರು."

ಇದನ್ನು ನಾನು ಸುಜಯ್‌ಗೂ ಹೇಳಿರಲಿಲ್ಲ. ಇವರಿಗೂ ಹೇಳಿರಲಿಲ್ಲ. ಬಾಯಿಗೆ ಬಂತು, ಹೇಳಿದೆ.

ಅಜ್ಜ ಅಡಿಕೆಯ ರಾಶಿಯನ್ನು ಕೈಯಲ್ಲಿ ಪಕ್ಕಕ್ಕೆ ಸರಿಸಿದರು. "ಕೂತ್ಕೊ," ಎಂದರು.

ಕುಳಿತ ಮೇಲೆ ನನಗೆ ನನ್ನ ಧೈರ್ಯ ತಿರುಗಿ ಬಂತು. "ಅಜ್ಜ, ಒಲೆಗೆ ಹಾಕಿದ್ರೆ ಇದ್ದ ಒಂದು ಸಾಕ್ಷಿಯೂ ಬೂದಿ. ಅಳೆದು ನೋಡುವ."

ಭವಿತಾ ಒಳಗಿನಿಂದ ಅಕ್ಕಿ ತಂದಳು. ಅಜ್ಜ ಮಾಡಿನ ಸಂದಿನಿಂದ ಒಂದು ಸೇರು ತೆಗೆದರು. ಅವರ ಅಪ್ಪ ಮನೆಯಲ್ಲಿ ಅಳೆಯುತ್ತಿದ್ದದ್ದು, ಹಿಡಿ ಸವೆದು ನುಣುಪಾಗಿತ್ತು.

"ಇದರಲ್ಲಿ ಅಳಿ."

"ಇದು ಸರಿ ಉಂಟು ಅಂತ ಯಾರು ಹೇಳಿದ್ದು?"

ಹರಿಪ್ರಸಾದ್ ಬಾಗಿಲಲ್ಲಿ ನೆಟ್ಟಗಾದರು. ಸುಜಯ್ ನನ್ನ ಸೀರೆಯ ಅಂಚು ಎಳೆದ. ಅಜ್ಜನ ಮುಖ ಕೆಂಪಾಯಿತು. "ನನ್ನ ಅಪ್ಪನ ಸೇರಿಗೆ ನೀನು..."

"ಧಣಿಯ ಕಡೆಯವರೂ ಇದನ್ನೇ ಕೇಳ್ತಾರೆ ಅಜ್ಜ. ಅವರು ಕೇಳುವ ಮೊದಲು ನಾನು ಕೇಳಿದೆ." ಚೀಲದಿಂದ ಮುದ್ರೆಯ ಸೇರು ತೆಗೆದೆ. "ಮೊದಲು ಇವೆರಡನ್ನು ನೋಡುವ."

ಐತಪ್ಪನವರ ಸೇರಿಗೆ ಅಕ್ಕಿ ತುಂಬಿಸಿ, ಕೋಲಿನಿಂದ ಬಾಯಿ ಸಮ ಮಾಡಿ, ಸರಕಾರದ ಸೇರಿಗೆ ಸುರಿದೆ. ಬಾಯಿಯವರೆಗೆ ಬಂದು ನಿಂತಿತು. ಉಳಿಯಲೂ ಇಲ್ಲ, ಕಡಿಮೆಯೂ ಆಗಲಿಲ್ಲ. 

ಆಮೇಲೆ ಕಳಸೆ. ಮೊದಲ ಸೇರು ಸುರಿಯುವಾಗ ಬಾಯಿ ತಾನಾಗಿ "ಲಾಭ" ಎಂದಿತು. ಅಳೆಯುವಾಗ ಒಂದು ಎನ್ನುವ ಕ್ರಮ ನಮ್ಮಲ್ಲಿಲ್ಲ. ಎರಡು, ಮೂರು ಎನ್ನುವಾಗ ಅಜ್ಜನ ತುಟಿಯೂ ಅಲ್ಲಾಡುತ್ತಿತ್ತು. ಹದಿನಾಲ್ಕು ಎಂದು ಸುರಿದು ಕೋಲಿಟ್ಟೆ. ಕೋಲಿಗೆ ಅಕ್ಕಿ ತಾಗಲಿಲ್ಲ. ಕೆಳಗೆ ಒಂದು ಬೆರಳು ಖಾಲಿ. ಇನ್ನೊಂದು ಸೇರು ಸುರಿದೆ. ಹತ್ತಿರ ಹತ್ತಿರ ಪೂರ್ತಿ ಹಿಡಿಯಿತು.

"ಕಳಸೆಗೆ ಒಂದು ಸೇರು ಹೆಚ್ಚು," ಎಂದೆ. "ಮುಡಿಗೆ ಮೂರು ಸೇರು. ಇಪ್ಪತ್ತು ಮುಡಿಗೆ ಅರವತ್ತು. ನಲವತ್ತೆರಡು ಸೇರಿಗೆ ಒಂದು ಮುಡಿ. ಒಂದೂವರೆ ಮುಡಿ ಹತ್ತಿರ ಹತ್ತಿರ. ನಿಮ್ಮಪ್ಪನ ಲೆಕ್ಕ ಸರಿ."

 ಅಜ್ಜ ಅಕ್ಕಿಯೊಳಗೆ ಕೈ ಇಳಿಸಿ ತಳ ಮುಟ್ಟಿ ಹಾಗೇ ಇಟ್ಟುಕೊಂಡರು. ಕೈ ತೆಗೆದು, "ಪುನಃ ಅಳಿ," ಎಂದರು. ಪುನಃ ಅಳೆದೆ. "ನೆರೆಯ ಉದಯನನ್ನು ಕರಿ ಭವೀ," ಎಂದರು. ಉದಯ ಬಂದು ನೋಡಿದ, ಅವನ ಎದುರು ಮತ್ತೆ ಅಳೆದೆ. ಅಳೆದೂ ಅಳೆದೂ ನನ್ನ ರಟ್ಟೆ ಬಿದ್ದುಹೋಯಿತು. ಹೋಟೆಲಿನಲ್ಲಿ ಹಿಟ್ಟು ರುಬ್ಬಿದ ದಿನಗಳಲ್ಲೂ ಇಷ್ಟು ನೋವಿರಲಿಲ್ಲ.

ಕಳಸೆಯನ್ನು ಅಲ್ಲೇ ಬಿಟ್ಟೆ. ದುಡ್ಡೆಷ್ಟು ಎಂದು ಹರಿಪ್ರಸಾದ್ ಕೇಳಿದರು. ಬೇಡ ಎಂದದ್ದು ನನ್ನ ಬಾಯಿಯೇ ಎಂದು ಇವರು ದಾರಿಯಲ್ಲಿ ಎರಡು ಸಲ ಕೇಳಿದರು.

ಊಟಕ್ಕೆ ಏಳಿಸಿದರು. ಕುಚ್ಚಲಕ್ಕಿ ಅನ್ನ, ಬಸಳೆ ಪದಾರ್ಥ, ಒಣಮೀನಿನ ಚಟ್ನಿ. ಸ್ಟೀಲಿನ ಬಟ್ಟಲು. ಚೆನ್ನಾಗಿತ್ತು.

ಫೆಬ್ರವರಿ 3, ಸೋಮವಾರ

ಹಲಸಿನ ಬೆಂಚಿನಲ್ಲಿ ಒಂದನ್ನು ಹೋಟೆಲಿಗೆ ತಂದು ಹಾಕಿದ್ದೇನೆ. ಮನೆಯಲ್ಲಿ ಕೂರುವವರು ನಾವು ಮೂವರು, ಅಲ್ಲಿ ನಿಂತು ಕಾಯುವವರು ಹತ್ತು ಜನ. ಒಬ್ಬ ಮೇಷ್ಟ್ರು ಅದರ ಮೇಲೆ ಕೈಯಾಡಿಸಿ, "ತರವಾಡು ಮನೆಯದ್ದಾ, ಹಿರಿಯರ ಕಾಲದ್ದಾ ಶೀಲಕ್ಕ?" ಎಂದರು.

"ನಮಗೆಲ್ಲಿಯ ತರವಾಡು ಮೇಷ್ಟ್ರೆ. ನಾವು ನೆಲದ ಮೇಲೆ ಕೂತು ಉಂಡವರು. ಇದು ಪುತ್ತೂರಿನಲ್ಲಿ ಕೊಂಡದ್ದು. ನಿಮಗೆ ಬೇಕಾದ್ರೆ ಅಂಗಡಿ ಹೇಳ್ತೇನೆ."

ಮೀನು ಇವತ್ತು ದುಬಾರಿ. ಬಂಗುಡೆ ಬಿಟ್ಟು ಬೂತಾಯಿ ತರಿಸಿದೆ.

ಫೆಬ್ರವರಿ 16, ಆದಿತ್ಯವಾರ

ಅವರು ಎರಡನೇ ಸಲ ಬಂದರು, ಈ ಸಲ ಭವಿತಾಳೂ. ಬೀಟೆ ಮೇಜಿನ ಮೇಲೆ ಬಾಳೆಲೆ ಹಾಕಿದೆ, ಕಂಚಿನ ಬಟ್ಟಲಿನಲ್ಲಿ ಪಾಯಸ. ಹೆಂಗಸರು ಒಂದೊಂದನ್ನೇ ಮುಟ್ಟಿ ಕೇಳಿದರು, ನಾನು ಒಂದೊಂದನ್ನೇ ಹೇಳಿದೆ: ಇದು ಡಾಕ್ಟರ ಮನೆಯದ್ದು, ಈ ಗಿಂಡಿ ಕಡಬದ ಕಡೆಯದ್ದು, ಈ ಮುಚ್ಚಳ ಯಾರದ್ದೆಂದು ಹಕೀಮರಿಗೂ ಗೊತ್ತಿಲ್ಲ. ಅಜ್ಜ ಗಟ್ಟಿಯಾಗಿ ನಕ್ಕದ್ದು ಗಡಿಯಾರ ನೋಡಿ. "ನಡೆಯದ್ದಕ್ಕೂ ದುಡ್ಡು ಕೊಟ್ಟಿಯಾ ಮಾರಾಯ್ತಿ?"

"ಕೊಟ್ಟೆ ಅಜ್ಜ. ಲೆಕ್ಕದಲ್ಲಿ ಬರೆದಿದ್ದೇನೆ."

ಸುದ್ದಿ ಕೇಳಿ ಕಾಣಿಯೂರಿನಿಂದ ಮೊನ್ನೆ ಆರು ಜನ ಅಜ್ಜನ ಜಗಲಿಗೆ ಬಂದಿದ್ದರಂತೆ. ಅವರಲ್ಲಿ ಒಬ್ಬ ಧಣಿಯ ಮೊಮ್ಮಗ. ಅಜ್ಜ ಎಲ್ಲರಿಗೂ ಚಾ ಕೊಡಿಸಿ, ಎಲ್ಲರ ಕೈಯಲ್ಲೂ ಅಳೆಸಿದರಂತೆ. ಮೊಮ್ಮಗ ಎರಡು ಸಲ ಅಳೆದು, ಕೋಲು ಕೆಳಗಿಟ್ಟು, ಐತಪ್ಪಜ್ಜನ ಹೆಸರು ಹೇಳಿ ಕೈ ಮುಗಿದನಂತೆ. ಇದನ್ನು ಹೇಳುವಾಗ ಅಜ್ಜ ಅನ್ನ ಕಲಸುತ್ತಿದ್ದರು, ತಲೆ ಎತ್ತಲಿಲ್ಲ.

ಉಂಡರು. ಎರಡು ಸಲ ಪಾಯಸ ಹಾಕಿಸಿಕೊಂಡರು. ಎದ್ದು ಕೈ ತೊಳೆದರು.

ಫೆಬ್ರವರಿ 17, ಸೋಮವಾರ

ಯಾರಿಗೆ ಎಂತ ಸಿಕ್ಕಿತು, ಒಂದು ಕಡೆ ಬರೆದಿಡುತ್ತೇನೆ.

ಸುಜಯ್‌ಗೆ ಭವಿತಾ. ಏಪ್ರಿಲಿನಲ್ಲಿ ಮದುವೆ.

ಭವಿತಾಳಿಗೆ ಸುಜಯ್. ಇವತ್ತು ಫೋನಿನಲ್ಲಿ ನನ್ನನ್ನು ಅತ್ತೆ ಎಂದಳು.

ಹಕೀಮರಿಗೆ ಮೇಷ್ಟ್ರೆಂಬ ಹೊಸ ಗಿರಾಕಿ. ಕಮಿಷನ್ ಕೊಡುವ ಮಾತೆತ್ತಲಿಲ್ಲ.

ಇವರಿಗೆ ಮೇಜಿನ ಮೇಲೆ ಮೊಣಕೈ ಊರಲು ಜಾಗ.

ನನಗೆ ಒಬ್ಬಳು ಸೊಸೆ. ಕಳಸೆಯ ಆರೂವರೆ ಸಾವಿರ ನಷ್ಟಕ್ಕೆ ಹಾಕಿದೆ.

ಚೆನ್ನಪ್ಪಜ್ಜನಿಗೆ ಕಳಸೆ.

ಐತಪ್ಪನವರಿಗೆ, ತೀರಿಹೋಗಿ ನಲವತ್ತು ವರ್ಷವಾದರೂ, ಬಾಕಿ ಏನೂ ಇಲ್ಲ.